ಮೆಳ್ಳಿಯ ಎಡಗಣ್ಣು

ಫೆಬ್ರವರಿ 11

ಮರೀ,

ಅಂದರೆ ನಿನ್ನೆ ನಾನು ಹೇಳಲು ಹೊರಟಿದ್ದು ನಲ್ಲಿ ಸೋರುವ ವಿಷಯವಲ್ಲ, ಕಾರಿನ ವಿಷಯ. ಅಷ್ಟರಲ್ಲಿ ನೀನು "ಸರಿ ಅಪ್ಪಾ, ಊಟ ಮಾಡು" ಅಂದೆ, ನಾನು "ನೀನೂ ಮಾಡು" ಅಂದೆ, ಫೋನು ಇಟ್ಟಾಯಿತು. ಫೋನಿನಲ್ಲಿ ನಾವಿಬ್ಬರೂ ಊಟದಿಂದ ಆಚೆ ಹೋಗುವುದೇ ಇಲ್ಲ, ಗಮನಿಸಿದ್ದೀಯಾ? ನಿನ್ನಮ್ಮ ಇದ್ದಾಗ ಮಾತೆಲ್ಲ ಅವಳದು. ನಾನು ಹಿಂದಿನಿಂದ "ನಾನೂ ಕೇಳಿದೆ ಅಂತ ಹೇಳು" ಎಂದು ಕೂಗಿದರೆ ನನ್ನ ಪಾಲಿನ ಕೆಲಸ ಮುಗಿಯುತ್ತಿತ್ತು. ಈಗ ಹಿಂದಿನಿಂದ ಕೂಗೋಣವೆಂದರೆ ಮುಂದೆ ಯಾರೂ ಇಲ್ಲ. ಅದಕ್ಕೇ ಈ ಕಾಗದ. ಕಾಗದಕ್ಕಾದರೆ "ಸರಿ ಅಪ್ಪಾ" ಎನ್ನಲು ಬರುವುದಿಲ್ಲ.

ಸಮಾಚಾರ ಇಷ್ಟೆ: ಮೆಳ್ಳಿಗೆ ಹೊಸ ಕಣ್ಣು ಬಂದಿದೆ.

ವರ್ಷ ವರ್ಷದ ಗಾಡಿ ತಪಾಸಣೆಗೆ ಹೋಗಿದ್ದೆ. ಅಲ್ಲಿನವನು ದೀಪದ ಮೇಲೆ ಬೆರಳಾಡಿಸಿ, "ಯಜಮಾನ್ರೇ, ಇದು ದೀಪಾನೋ, ಮುದುಕರ ಕಾಲುಗುರೋ?" ಎಂದ. ಹಳದಿಗಟ್ಟಿದ್ದು ನಿಜ. ಅದು ಸಾಲದೆಂದು ಎಡಗಡೆಯದು ಆಕಾಶ ನೋಡುತ್ತದೆ, ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ ಎಂದು ಇನ್ನೊಂದು ದೂರು. ಮೇ ತಿಂಗಳ ಕೊನೆಯೊಳಗೆ ಸರಿಮಾಡಿಸಿ ತನ್ನಿ, ಇಲ್ಲವಾದರೆ ಮನೆಯಲ್ಲೇ ನಿಲ್ಲಿಸಿಕೊಂಡು ಪೂಜೆ ಮಾಡಿ ಎಂದು ಕಳಿಸಿದ.

ಆಕಾಶ ಯಾಕೆ ನೋಡುತ್ತದೆ ಅಂತ ಅವನಿಗೇನು ಗೊತ್ತು! ನಿನಗೆ ಗೊತ್ತಿರುವ ಕಥೆಯೇ, ಆದರೂ ಹೇಳುವ ಚಟ ನನ್ನದು. ನೀನಾಗ ಒಂದನೇ ಕ್ಲಾಸು. ನಿನ್ನಮ್ಮ ಡ್ರೈವಿಂಗ್ ಕಲಿಯುತ್ತೇನೆಂದು ಹಟ ಹಿಡಿದು, ಮೈದಾನದಲ್ಲೆಲ್ಲ ಒಂದು ಗೀರೂ ಆಗದ ಹಾಗೆ ಓಡಿಸಿ, ಕೊನೆಗೆ ನಮ್ಮ ಮನೆಯ ಗೇಟಿನ ಕಂಬಕ್ಕೇ ಹೋಗಿ ಮುತ್ತಿಕ್ಕಿದಳು. ದೀಪ ಒಡೆಯಲಿಲ್ಲ. ಮೇಲಕ್ಕೆ ನೋಡತೊಡಗಿತು, ಅಷ್ಟೆ. ನಾನು ತಲೆಯ ಮೇಲೆ ಕೈಹೊತ್ತು ನಿಂತಿದ್ದರೆ ಅವಳು ಇಳಿದು, ಸುತ್ತಿಬಂದು, ಸೊಂಟದ ಮೇಲೆ ಕೈಯಿಟ್ಟು, "ರೀ, ನೋಡ್ರೀ ಇದನ್ನ, ನನಗೇ ಕಣ್ಣು ಹೊಡೀತಿದೆ!" ಎಂದು ನಕ್ಕಳು. ಮೆಳ್ಳಿ ಅಂತ ಹೆಸರಿಟ್ಟವಳೂ ಅವಳೇ. ಸರಿಮಾಡಿಸೋಣ ಎಂದು ನಾನು ಬಾಯಿ ತೆರೆದಾಗಲೆಲ್ಲ, "ಇರಲಿ ಬಿಡಿ, ಅದು ನನ್ನ ಸಹಿ" ಎಂದು ಮುಚ್ಚಿಸುತ್ತಿದ್ದಳು.

ಈಗ ಬಾಯಿ ಮುಚ್ಚಿಸುವವರಿಲ್ಲ, ತಪಾಸಣೆಯವನು ಬಿಡುವುದಿಲ್ಲ. ಗ್ಯಾರೇಜಿನ ಮೌನಿಯ ಬಳಿ ಹೋದೆ. ಅವನು ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಆ ಹೆಸರು, ಮರೆತಿಲ್ಲ ತಾನೆ? "ಸಾರ್, ಕಂಪನಿಯವರು ಈ ಮಾಡೆಲ್ ನಿಲ್ಲಿಸಿ ಯಾವ ಕಾಲ ಆಯ್ತು! ಒರಿಜಿನಲ್ ದೀಪ ಕೇಳಿದ್ರೆ ನಗ್ತಾರೆ. ಹೊರಗಡೆ ಮಾಲು ಹಾಕ್ತೀನಿ. ಇಂಪೋರ್ಟೆಡ್ಡು. ಹಾಕಿದ ಮೇಲೆ ಒರಿಜಿನಲ್ಲೇ ಬಂದು ಕಾಲಿಗೆ ಬೀಳ್ಬೇಕು" ಎಂದ. ಎರಡನ್ನೂ ಬದಲಾಯಿಸಿದ. ಎ ಸ್ಟಿಚ್ ಇನ್ ಟೈಮ್ ಸೇವ್ಸ್… ಎಷ್ಟನ್ನೋ ಉಳಿಸುತ್ತದೆ, ಲೆಕ್ಕ ಮರೆತಿದೆ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಗಾದೆಯನ್ನು ಬೋರ್ಡಿನ ಮೇಲೆ ಅರ್ಧ ಬರೆದು, ಮಿಕ್ಕಿದ್ದನ್ನು ನೀವು ತುಂಬಿ ಎನ್ನುತ್ತಿದ್ದರು. ಮಿಕ್ಕವರು ತುಂಬುವಾಗ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಹಾಗಾಗಿ ನನ್ನ ಇಂಗ್ಲಿಷೆಲ್ಲ ಮೊದಲರ್ಧ.

ಬರೆಯಲು ಕಾರಣ ಬೇರೆ ಇದೆ. ನಿನ್ನ ಊರಿನ ರೈಲು ಇಲ್ಲಿ ನಿಲ್ಲುವುದು ಕತ್ತಲಾದ ಮೇಲೆ. ಹಳೆಯ ದೀಪದಲ್ಲಿ ಸ್ಟೇಷನ್ನಿನವರೆಗೆ ಓಡಿಸಲು ನನಗೆ ಧೈರ್ಯವಿರಲಿಲ್ಲ. ಈಗ ಆ ನೆಪವಿಲ್ಲ. ನೀನು ಬರುವುದಾದರೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಬರುವುದಾದರೆ ಅಂದೆ. ಒತ್ತಾಯವಿಲ್ಲ.

ನಿನ್ನ ಅಪ್ಪ


ಫೆಬ್ರವರಿ 20

ಅಪ್ಪಾ,

ಒಂಬತ್ತು. ಒಂಬತ್ತು ಹೊಲಿಗೆ ಉಳಿಸುತ್ತದೆ.

ಕಾಗದ ನೋಡಿ ಗಾಬರಿಯಾಯಿತು, ಯಾರಿಗೆ ಏನಾಯಿತೋ ಅಂತ. ಲ್ಯಾಬಿನಲ್ಲಿ ಎಲ್ಲರೂ ಸುತ್ತ ನೆರೆದು, "ಏನೇ, ಈ ಕಾಲದಲ್ಲೂ ಲವ್ ಲೆಟರ್ರಾ?" ಅಂದರು. "ಹೌದು, ಹುಡುಗ ಸೋಪ್ ಫ್ಯಾಕ್ಟರಿಲಿ ರಿಟೈರ್ ಆಗಿದಾನೆ" ಅಂದೆ.

ಇಲ್ಲಿ ಕೆಲಸ ಜಾಸ್ತಿ. ಹಲ್ಲಿನ ಸೆಟ್ಟು ಕಟ್ಟಿಸುವವರು ಹೆಚ್ಚಿದ್ದಾರೆ, ಕಟ್ಟುವವರು ನಾವಷ್ಟೇ ಮಂದಿ. ನಿನ್ನ ಮೌನಿಯ ಹಾಗೆ ನಮ್ಮದೂ ಹೊರಗಡೆ ಮಾಲೇ ಅಲ್ಲವಾ? ಒರಿಜಿನಲ್ ನಿಂತುಹೋದ ಮೇಲೆ ಬರುವುದು. ಬರುವವರೆಲ್ಲ ಕೇಳುವುದು ಒಂದೇ: ಬೆಳ್ಳಗಿರಲಿ, ಇನ್ನೂ ಬೆಳ್ಳಗಿರಲಿ. ಬೆಳ್ಳಗಿದ್ದರೆ ಸಾಲದು, ಮೇಲಿನದು ಕೆಳಗಿನದರ ಮೇಲೆ ಸರಿಯಾಗಿ ಕೂರಬೇಕು ಎಂದರೆ ಯಾರೂ ಕೇಳುವುದಿಲ್ಲ. ನಿನ್ನ ದೀಪವೂ ಸರಿಯಾಗಿ ಕೂತಿದೆಯಾ ನೋಡಿಕೋ. ಮೊದಲು ನಿನ್ನ ಕಣ್ಣು ತೋರಿಸು. ಕತ್ತಲಲ್ಲಿ ಕಾಣದೇ ಇರುವುದಕ್ಕೆ ದೀಪವೇ ಕಾರಣವಾಗಬೇಕೆಂದಿಲ್ಲ.

ರಜೆಯದು ಈಗಲೇ ಹೇಳಲಾರೆ. ನೋಡೋಣ.

ಹಳೆಯ ದೀಪ ಎಲ್ಲಿಟ್ಟಿದ್ದೀಯಾ?

ಮರಿ


ಮಾರ್ಚ್ 3

ಮರೀ,

ಕಣ್ಣಿನ ಡಾಕ್ಟರ ಬಳಿ ಹೋಗಿಬಂದೆ. ಮುಖವನ್ನು ಯಂತ್ರದೊಳಗೆ ಇಡಿಸಿ, ಮೇಲೆ ನೋಡಿ ಕೆಳಗೆ ನೋಡಿ ಅಂದು, ಕೊನೆಗೆ "ನಿಮ್ಮ ವಯಸ್ಸಿಗೆ ಇಂಥ ಕಣ್ಣು ಪುಣ್ಯ ಸಾರ್" ಅಂದರು. ಆದ್ದರಿಂದ ಆ ಬಾಣ ವಾಪಸ್ ತಗೋ.

ತಪ್ಪೆಲ್ಲ ದೀಪದ್ದೇ. ಹಾಕಿಸಿದ ಮೊದಲ ವಾರವೇ ಎದುರು ಬರುವವರೆಲ್ಲ ನನಗೆ ದೀಪ ಮಿಣುಕಿಸತೊಡಗಿದರು. ಗುರುತಿನವರು ನಮಸ್ಕಾರ ಹೇಳುತ್ತಿದ್ದಾರೆಂದುಕೊಂಡು ನಾನೂ ಮಿಣುಕಿಸಿದೆ. ಒಬ್ಬ ಲಾರಿಯವನು ನಿಲ್ಲಿಸಿ, ತಲೆ ಹೊರಗೆ ಹಾಕಿ, ನಿನ್ನಮ್ಮನ ಎದುರು ಹೇಳಲಾಗದಂಥ ಮಾತಿನಲ್ಲಿ ವಿವರಿಸಿದ. ಮೌನಿಗೆ ತೋರಿಸಿದರೆ ಗ್ಯಾರೇಜಿನ ಗೋಡೆಗೆ ದೀಪ ಬಿಟ್ಟು, ತಲೆ ಕೆರೆದುಕೊಂಡು, "ಸಾರ್, ಒಂದ್ ಸಣ್ಣ ತೊಂದ್ರೆ ಇದೆ" ಅಂದ. ಸಣ್ಣ ತೊಂದರೆ ಏನು ಗೊತ್ತಾ? ದೀಪದ ಬೆಳಕು ರಸ್ತೆಯ ಅಂಚಿನ ಕಡೆಗೆ ಸ್ವಲ್ಪ ಎತ್ತರ, ಎದುರು ಬರುವವರ ಕಡೆಗೆ ತಗ್ಗು ಬೀಳಬೇಕಂತೆ. ಇದನ್ನು ಮಾಡಿದ್ದು ರಸ್ತೆಯ ಬಲಬದಿಗೆ ಓಡಿಸುವ ದೇಶದವರಿಗೆ. ಹಾಗಾಗಿ ಅಂಚಿನಲ್ಲಿರುವ ಹಳ್ಳಕ್ಕೆ ಮರ್ಯಾದೆ, ಎದುರಿರುವ ಮನುಷ್ಯನಿಗೆ ಏಟು. "ಇಂಪೋರ್ಟೆಡ್ ಅಂತ ನಾನು ಹೇಳಿದ್ದು ಸುಳ್ಳಲ್ಲವಲ್ಲ ಸಾರ್!" ಎಂದು ಅವನ ಸಮರ್ಥನೆ ಬೇರೆ.

ನಮ್ಮ ಬದಿಗೆ ಸರಿಹೊಂದುವ ಇನ್ನೊಂದು ಜೊತೆ ತರಿಸುತ್ತಾನಂತೆ.

ಹಳೆಯದು ಎಲ್ಲಿ ಅಂತ ಕೇಳಿದ್ದೆಯಲ್ಲ. ಎಲ್ಲಿಡುವುದು ಆ ಕಾಲುಗುರನ್ನು? ಗ್ಯಾರೇಜಿನಲ್ಲೇ ಬಿಟ್ಟೆ. ಗುಜರಿಯವನು ವಾರಕ್ಕೊಮ್ಮೆ ಬಂದು ಬಾಚಿಕೊಂಡು ಹೋಗುತ್ತಾನೆ.

ರಜೆ ಸಿಕ್ಕಿತೇ?

ನಿನ್ನ ಅಪ್ಪ


ಮಾರ್ಚ್ 30

ಮರೀ,

ನಿನ್ನ ಕಾಗದ ಬಂದಿಲ್ಲ. ನೋ ನ್ಯೂಸ್ ಈಸ್… ಇದರ ಮುಂದಿನರ್ಧದಲ್ಲಿ ಸಮಾಧಾನವೇನೋ ಇತ್ತು, ಈಗ ಬೇಕಾದಾಗ ನೆನಪಾಗುತ್ತಿಲ್ಲ.

ಫೋನಿನಲ್ಲಿ ನೀನು ಕೆಲಸ ಜಾಸ್ತಿ ಅಂದೆ. ಸರಿ. ದನಿ ಮಾತ್ರ ನೀನು ಚಿಕ್ಕವಳಿದ್ದಾಗ ಮುನಿಸಿಕೊಂಡು ಮಂಚದ ಕೆಳಗೆ ಸೇರಿ "ನಾನಿಲ್ಲಿಲ್ಲ" ಎನ್ನುತ್ತಿದ್ದೆಯಲ್ಲ, ಆ ದನಿ. ಆಗ ಬಗ್ಗಿ ನೋಡಿ ಎಳೆದು ತರಲು ನಿನ್ನಮ್ಮ ಇದ್ದಳು. ನನಗೆ ಬಗ್ಗಲು ಬರುವುದಿಲ್ಲ, ಸೊಂಟದ ವಿಷಯ ಹೇಳುತ್ತಿಲ್ಲ. ನಾನು ಏನಾದರೂ ತಪ್ಪು ಬರೆದಿದ್ದರೆ ಅದು ಯಾವ ಸಾಲಿನಲ್ಲಿ ಅಂತಾದರೂ ಹೇಳು.

ಎರಡನೆಯ ಜೊತೆ ಬಂತು. ಇದು ನಮ್ಮ ಬದಿಯದೇ. ಆದರೆ ಒಳಗೆ ಬೆವರುತ್ತದೆ. ಬೆಳಿಗ್ಗೆ ನೋಡಿದರೆ ಗಾಜಿನ ಒಳಮೈಗೆಲ್ಲ ಹನಿ, ಈರುಳ್ಳಿ ಹೆಚ್ಚಿ ಎದ್ದುಬಂದವರ ಕಣ್ಣಿನ ಹಾಗೆ. ಬಿಸಿಲೇರಿದರೆ ಆರುತ್ತದೆ. ಮೌನಿ ಅಂಚಿಗೆಲ್ಲ ಅಂಟು ಮೆತ್ತಿದ. ಹೊರಗಿನ ನೀರು ಒಳಗೆ ಬರದ ಹಾಗೆ ಆಯಿತು, ಒಳಗಿನದು ಹೊರಗೆ ಹೋಗದ ಹಾಗೂ ಆಯಿತು.

ಅದಿರಲಿ. ಬಲಗಡೆ ದೀಪ ಹೇಳಿದ ಮಾತು ಕೇಳುತ್ತದೆ. ಎಡಗಡೆಯದು ಕೇಳುವುದಿಲ್ಲ. ಮೌನಿ ತಿರುಪನ್ನು ಕೊನೆಯವರೆಗೆ ತಿರುಗಿಸಿದ, ಇನ್ನು ತಿರುಗಿಸಿದರೆ ಕೈಗೇ ಬರುತ್ತದೆ ಎನ್ನುವವರೆಗೆ. ಆದರೂ ಅದು ಮೇಲೇ ನೋಡುತ್ತದೆ. ನಾಯಿಬಾಲಕ್ಕೆ ನಳಿಗೆ ಕಟ್ಟಿದ ಹಾಗೆ. "ಹೊರಗಡೆ ಮಾಲೇ ಇಷ್ಟು ಸಾರ್, ಅಳತೆ ಕೂರಲ್ಲ" ಅಂದ. ಕಾಲಿಗೆ ಬೀಳಲು ಬಂದ ಒರಿಜಿನಲ್ ಎಲ್ಲಿ ಹೋಯಿತು ಎಂದು ಕೇಳಿದೆ. ಅವನು ಟೈರಿನ ಗಾಳಿ ನೋಡಲು ಹೋದ.

ಮೊನ್ನೆ ಸಂಜೆ ಮಾರ್ಕೆಟ್ಟಿನಿಂದ ಬರುವಾಗ ಎದುರು ಸೈಕಲ್ಲಿನಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು. ನನ್ನ ದೀಪ ಕಂಡದ್ದೇ ಒಂದು ಕೈ ಕಣ್ಣಿಗೆ ಅಡ್ಡ ಹಿಡಿದು, ಇನ್ನೊಂದು ಕೈಯಲ್ಲಿ ಸೈಕಲ್ ಓಲಾಡಿಸಿ, ಮರಳಿನ ರಾಶಿಯೊಳಗೆ ಹೋಗಿ ನಿಂತಳು. ನಿಲ್ಲಿಸಿ ಓಡಿದೆ. ಏನೂ ಆಗಿರಲಿಲ್ಲ. ಸೀರೆ ಕೊಡವಿಕೊಂಡು, "ಯಾಕಪ್ಪಾ ತಾತ, ಮದುವೆ ಮನೆ ದೀಪ ಕಟ್ಟಿಕೊಂಡು ಓಡಾಡ್ತೀರಾ?" ಎಂದಳು. ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಅಂದಿನಿಂದ ಕತ್ತಲಾದ ಮೇಲೆ ಮೆಳ್ಳಿಯನ್ನು ಹೊರಗೆ ತೆಗೆಯುತ್ತಿಲ್ಲ.

ಅಂದರೆ ಸ್ಟೇಷನ್ನಿಗೆ ಬರುತ್ತೇನೆಂದು ಕೊಟ್ಟ ಮಾತು ಸದ್ಯಕ್ಕೆ ಗಾಳಿಯಲ್ಲಿದೆ. ನೀನೂ ಬರುತ್ತೇನೆಂದು ಹೇಳಿಲ್ಲವಾದ್ದರಿಂದ ಲೆಕ್ಕ ಸರಿಹೋಯಿತು ಎಂದು ನಗಬಹುದಿತ್ತು.

ಸಂಜೆಗಳಲ್ಲಿ ಸುಮ್ಮನೆ ಹೋಗಿ ಕಾರಿನಲ್ಲಿ ಕೂರುತ್ತೇನೆ. ಪಕ್ಕದ ಸೀಟು ನಿನ್ನಮ್ಮ ಎಳೆದುಕೊಂಡಿದ್ದ ಜಾಗದಲ್ಲೇ ಇದೆ, ತೀರಾ ಮುಂದೆ. "ಇಷ್ಟು ಮುಂದೆ ಯಾಕೆ, ಗಾಜಿಗೆ ಮೂಗು ಒತ್ತಿಕೊಂಡು?" ಎಂದರೆ, "ನೀವು ನೋಡಲ್ವಲ್ಲ, ನಾನಾದ್ರೂ ನೋಡ್ತೀನಿ" ಎನ್ನುತ್ತಿದ್ದಳು. ಮೌನಿ ಕಾರು ತೊಳೆಸುವಾಗ ಆ ಸೀಟನ್ನು ಹಿಂದಕ್ಕೆ ತಳ್ಳಲು ಹೋದ. ಬೇಡ ಅಂದೆ. ಯಾಕೆ ಎಂದು ಕೇಳಲಿಲ್ಲ. ಅವನ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬರೆ. ಬೈದಾದರೂ ಬರೆ.

ನಿನ್ನ ಅಪ್ಪ


ಏಪ್ರಿಲ್ 14

ಅಪ್ಪಾ,

ಬರೆದು ಬರೆದು ಹರಿದೆ. ಕೋಪ ಬಂದದ್ದು ನಿಜ. ನೀನು ಏನೂ ತಪ್ಪು ಮಾಡಿಲ್ಲ ಎನ್ನುವುದೂ ನಿಜ. ಅದಕ್ಕೇ ಬರೆಯಲಾಗಲಿಲ್ಲ. ತಪ್ಪು ಮಾಡಿದ್ದರೆ ಬೈಯುವುದು ಎಷ್ಟು ಸುಲಭ.

ಹಳೆಯ ದೀಪವನ್ನು ಗುಜರಿಗೆ ಬಿಟ್ಟೆ ಅಂತ ಬರೆದಿದ್ದೆಯಲ್ಲ, ಅವತ್ತು ಲ್ಯಾಬಿನಲ್ಲಿ ಯಾರದೋ ದವಡೆಯ ಅಚ್ಚು ಕೈಯಲ್ಲಿ ಹಿಡಿದುಕೊಂಡು ಅತ್ತೆ. "ಏನಾಯ್ತೇ?" ಅಂದರು. ಪುಡಿ ಕಣ್ಣಿಗೆ ಹೋಯಿತು ಅಂದೆ. ಕಾರಿನ ದೀಪ ಹೋಯಿತು ಅಂತ ಯಾರಿಗೆ ಹೇಳುವುದು?

ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ. ಅಮ್ಮನಿಗೂ ನನಗೂ ಮಾತ್ರ ಗೊತ್ತಿತ್ತು.

ನಿನಗೆ ಎರಡನೇ ಪಾಳಿ ಇದ್ದಾಗ ಅಮ್ಮ ನನ್ನನ್ನು ಮೇಲಿನ ರೂಮಿನಲ್ಲಿ ಬೇಗ ಮಲಗಿಸಿ, ದೀಪ ಆರಿಸಿ, ಪಕ್ಕದಲ್ಲಿ ಕೂರುತ್ತಿದ್ದಳು. ನಾನು ಮಲಗುತ್ತಿರಲಿಲ್ಲ. ಕಾಯುತ್ತಿದ್ದೆ. ಎಷ್ಟೋ ಕಾರುಗಳು ಬೀದಿಯಲ್ಲಿ ಹೋಗುತ್ತಿದ್ದವು, ಯಾವುದರ ಬೆಳಕೂ ಕಿಟಕಿಯ ತಳ ದಾಟುತ್ತಿರಲಿಲ್ಲ. ಮೆಳ್ಳಿ ತಿರುವಿನಲ್ಲಿ ತಿರುಗಿತು ಅಂದರೆ ಮಾತ್ರ ಬೆಳಕು ರೂಮಿನ ಒಳಕ್ಕೇ ಬರುತ್ತಿತ್ತು. ಮೊದಲು ಬೀರುವಿನ ನೆತ್ತಿ. ಆಮೇಲೆ ಚಾವಣಿ. ಫ್ಯಾನಿನ ನೆರಳು ದೊಡ್ಡದಾಗಿ, ಮೆಲ್ಲಗೆ, ಒಂದು ಸುತ್ತು ಹೊಡೆದು ಈ ಗೋಡೆಯಿಂದ ಆ ಗೋಡೆಗೆ ಇಳಿದುಹೋಗುತ್ತಿತ್ತು. ಅಮ್ಮ ನನ್ನ ಹಣೆ ತಟ್ಟಿ, "ಅಪ್ಪ ಬಂದ್ರು, ಇನ್ನು ಮಲ್ಕೋ" ಅಂತ ಹೇಳಿ ಬಾಗಿಲು ತೆಗೆಯಲು ಕೆಳಗೆ ಹೋಗುತ್ತಿದ್ದಳು. ನೀನು ಮೇಲೆ ಬಂದು ನೋಡುವಷ್ಟರಲ್ಲಿ ನನಗೆ ನಿದ್ದೆ. ನಿದ್ದೆಯೊಳಗೆ ಸೋಪಿನ ವಾಸನೆ ಬರುತ್ತಿತ್ತು, ಅಷ್ಟೇ.

ನೀನು ಎಡಗಡೆ ದೀಪ ರಿಪೇರಿಗೆ ಬಿಡುತ್ತೇನೆ ಅಂದಾಗಲೆಲ್ಲ ನಾನು ಅಮ್ಮನ ಸೆರಗು ಹಿಡಿದುಕೊಳ್ಳುತ್ತಿದ್ದೆ. ಅಮ್ಮ ನನ್ನ ಕಡೆ ಒಂದು ಸಲ ನೋಡಿ, "ಇರಲಿ ಬಿಡಿ" ಅನ್ನುತ್ತಿದ್ದಳು. ದೊಡ್ಡವಳಾದ ಮೇಲೆ ಕೇಳಿದೆ, ಅಪ್ಪನಿಗೆ ಯಾಕಮ್ಮಾ ಹೇಳಲಿಲ್ಲ ಅಂತ. "ಹೇಳಿದ್ರೆ ಮುಗೀತು. ನಿಮ್ಮಪ್ಪ ಬೇಕಂತಲೇ ಲೈಟ್ ಕುಣಿಸಿ, ಹಾರ್ನ್ ಹೊಡೆದು, ಬೀದಿ ಎಬ್ಬಿಸ್ತಾರೆ. ಏನೂ ಗೊತ್ತಿಲ್ಲದೆ ಸುಮ್ಮನೆ ಮನೆಗೆ ಬರ್ತಾರಲ್ಲ, ಅದೇ ಚೆನ್ನ" ಅಂದಳು.

ಅಮ್ಮ ಹೋದ ಆ ದಿನಗಳಲ್ಲಿ ನಾನು ಕೆಳಗಡೆ ಸೋಫಾದ ಮೇಲೆ ಮಲಗಿದ್ದು ಫ್ಯಾನ್ ಸದ್ದು ಮಾಡುತ್ತದೆ ಅಂತಲ್ಲ. ಆ ಚಾವಣಿಯ ಕೆಳಗೆ ಮಲಗಲು ಆಗಲಿಲ್ಲ. ನೀನು ಮನೆಯಲ್ಲೇ ಇದ್ದೆ, ಕಾರು ಗೇಟಿನೊಳಗೇ ಇತ್ತು, "ಇನ್ನು ಮಲ್ಕೋ" ಅನ್ನುವವಳು ಇರಲಿಲ್ಲ. ರಜೆ ಇಲ್ಲದ್ದಕ್ಕಲ್ಲ ಅಪ್ಪಾ ನಾನು ಬರದೇ ಇರುವುದು. ಬಂದು ಆ ರೂಮಿನಲ್ಲಿ ಹೇಗೆ ಮಲಗುವುದು ಅಂತ ಗೊತ್ತಾಗದೆ.

ಮೆಳ್ಳಿಯ ಕಣ್ಣೊಂದು ಇತ್ತಲ್ಲ, ಯಾವತ್ತಾದರೂ ಒಂದು ದಿನ ಬಂದರೆ ಅದಾದರೂ ಇರುತ್ತದೆ ಅಂದುಕೊಂಡಿದ್ದೆ. ಈಗ ಅದೂ ಇಲ್ಲ.

ಬೈದಾದರೂ ಬರೆ ಅಂದೆಯಲ್ಲ. ಇಷ್ಟೇ ಬೈಯಲು ಬಂದದ್ದು.

ಮರಿ

ನೋ ನ್ಯೂಸ್ ಈಸ್ ಗುಡ್ ನ್ಯೂಸ್. ಸುಳ್ಳು ಗಾದೆ. ಮರೆತದ್ದೇ ಒಳ್ಳೆಯದಾಯಿತು.


ಏಪ್ರಿಲ್ 22

ಮರೀ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಆಮೇಲೆ ಎದ್ದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೇಲಿನ ರೂಮಿಗೆ ಹೋಗಿ ಚಾವಣಿ ನೋಡಿಕೊಂಡು ನಿಂತೆ. ಸುಣ್ಣ, ಒಂದು ಬಿರುಕು, ಫ್ಯಾನು. ಇಷ್ಟು ವರ್ಷ ಈ ಮನೆಯ ಬೆಳಕನ್ನು ಹೊತ್ತು ತರುತ್ತಿದ್ದವನು ನಾನಂತೆ. ನನಗೇ ಗೊತ್ತಿಲ್ಲ. ದೀಪದ ಬುಡ ಕತ್ತಲು ಅಂತಾರಲ್ಲ, ಆ ಬುಡ ನಾನು. ನಿನ್ನಮ್ಮ ಹೇಳಿದ್ದು ಸರಿ. ಹೇಳಿದ್ದರೆ ಖಂಡಿತ ಹಾರ್ನ್ ಹೊಡೆಯುತ್ತಿದ್ದೆ.

ಒಡನೆಯೇ ಗ್ಯಾರೇಜಿಗೆ ಓಡಿದೆ. ಹಳೆಯ ದೀಪ ಬೇಕು ಅಂದೆ. "ಯಾವ ದೀಪ?" ಅಂದ ಮೌನಿ. "ಮೆಳ್ಳಿಯ ಎಡಗಣ್ಣು." ಅವನು ನನ್ನ ಮುಖ ನೋಡಿ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗುಜರಿಗೆ ಕರೆದುಕೊಂಡು ಹೋದ. ಮುರಿದ ಕುರ್ಚಿ, ಹರಿದ ಟೈರು, ಬಂಪರುಗಳ ಗುಡ್ಡ. ದೀಪವಿರಲಿಲ್ಲ. "ಪ್ಲಾಸ್ಟಿಕ್ಕೆಲ್ಲ ಕರಗಿಸೋರಿಗೆ ಹೋಯ್ತು ಯಜಮಾನ್ರೇ. ಇಷ್ಟೊತ್ತಿಗೆ ಬಕೆಟ್ ಆಗಿರುತ್ತೆ" ಎಂದ ಗುಜರಿಯವನು. ವಾಪಸ್ ಬರುವಾಗ ದಾರಿಯಲ್ಲಿ ಕಂಡ ಪ್ರತಿ ಬಕೆಟ್ಟನ್ನೂ ನೋಡಿದೆ. ನಗಬೇಡ.

ನನ್ನ ಮುಖ ಹಾಗಿದ್ದುದಕ್ಕೋ ಏನೋ, ಮೌನಿ "ಬಿಡಿ ಸಾರ್, ಇವತ್ತು ಈ ಎಡಗಡೆ ದೀಪದ್ದು ಒಂದು ಕೈ ನೋಡೇಬಿಡ್ತೀನಿ" ಎಂದು ಮೆಳ್ಳಿಯ ಬಂಪರನ್ನೇ ಪೂರ್ತಿ ಬಿಚ್ಚಿ ನೆಲಕ್ಕಿಟ್ಟ. ಇಷ್ಟು ದಿನ ಅದನ್ನು ಬಿಚ್ಚದೆ ಮೇಲಿಂದ ಕೈಹಾಕಿ ತಿರುಪು ತಿರುಗಿಸುತ್ತಿದ್ದ. ದೀಪವನ್ನೂ ಹೊರಗೆಳೆದ. ಟಾರ್ಚು ಬಿಟ್ಟು ಒಳಗೆ ನೋಡಿದವನು ನನ್ನನ್ನು ಕೂಗಿದ.

"ಸಾರ್, ಬನ್ನಿ ಇಲ್ಲಿ. ಕುಣಿಯಲಾರದವಳು ನೆಲ ಡೊಂಕು ಅಂದ್ಲು ಅಂತಾರಲ್ಲ, ಇಲ್ಲಿ ನಿಜವಾಗ್ಲೂ ನೆಲವೇ ಡೊಂಕು!"

ಬಗ್ಗಿ ನೋಡಿದೆ. ನನಗೂ ಬಗ್ಗಲು ಬಂತು. ದೀಪದ ಹಿಂದೆ, ದೀಪವನ್ನು ಹೊತ್ತು ನಿಲ್ಲುವ ತಗಡಿನ ಚೌಕಟ್ಟಿದೆ. ಅದು ಕಾರಿನ ಮೂಳೆ, ಬದಲಾಯಿಸುವ ಭಾಗವಲ್ಲ. ಅದರ ಕೆಳಗಿನ ಮೂಲೆ ಒಳಕ್ಕೆ ಮಡಚಿದೆ. ಮಡಿಕೆಯ ಸಂದಿಯಲ್ಲಿ, ಮರೀ, ನೀಲಿ ಬಣ್ಣ. ನಮ್ಮ ಗೇಟಿನ ಕಂಬಕ್ಕೆ ಆಗ ನೀಲಿ ಬಳಿದಿದ್ದೆವು, ನೆನಪಿದೆಯಾ? ಆಮೇಲೆ ಎಷ್ಟೋ ಸಲ ಬಿಳಿ ಬಳಿಸಿದ್ದೇವೆ. ಆ ನೀಲಿ ಈ ಲೋಕದಲ್ಲಿ ಇನ್ನೆಲ್ಲೂ ಇಲ್ಲ. ಮೆಳ್ಳಿಯ ಮೂಳೆಯೊಳಗಿದೆ.

ಗೊತ್ತಾಯಿತೇ? ಮೆಳ್ಳೆ ಇದ್ದದ್ದು ದೀಪದಲ್ಲಲ್ಲ. ಮೊದಲ ಜೊತೆಯನ್ನೂ ಬೈದೆ, ಎರಡನೆಯ ಜೊತೆಯನ್ನೂ ಬೈದೆ. ಅವುಗಳ ಪಾಪ ಅವುಗಳದ್ದು ಇರಬಹುದು. ಆದರೆ ಎಡಗಡೆಯದು ಮೇಲೆ ನೋಡುತ್ತಿದ್ದುದು ನಿನ್ನಮ್ಮನ ಕೆಲಸ. ಯಾವ ದೇಶದಿಂದ ಯಾವ ದೀಪ ತಂದು ಕೂರಿಸಿದರೂ ಅವಳು ತಿರುಗಿಸಿದ ಕಡೆಗೇ ಅದು ತಿರುಗುತ್ತದೆ. ನಾನು ಗುಜರಿಗೆ ಹಾಕಿದ್ದು ಬರೀ ಗಾಜು, ಪ್ಲಾಸ್ಟಿಕ್ಕು. ಸಹಿ ಇನ್ನೂ ಇಲ್ಲೇ ಇದೆ.

"ಎಳೆದು ನೇರ ಮಾಡಿಬಿಡ್ಲಾ ಸಾರ್? ಎರಡೇಟು ಸಾಕು" ಎಂದು ಮೌನಿ ಸುತ್ತಿಗೆ ಎತ್ತಿದ. "ತೆಗೀ ಕೈ!" ಎಂದು ನಾನು ಕೂಗಿದ ಕೂಗಿಗೆ ಪಕ್ಕದ ಅಂಗಡಿಯವರು ಎದ್ದುಬಂದರು.

ಸಂಜೆ ಒಂದು ಪ್ರಯೋಗ ಮಾಡಿದೆ. ಈ ಹೊಸ ದೀಪದ ಬೆಳಕೂ ನಿನ್ನ ಚಾವಣಿ ಮುಟ್ಟುತ್ತದೆಯೇ ನೋಡೋಣವೆಂದು ಕಾರನ್ನು ತಿರುವಿನಲ್ಲಿ ನಿಲ್ಲಿಸಿ, ದೀಪ ಹಚ್ಚಿಟ್ಟು, ಏದುಸಿರು ಬಿಡುತ್ತ ಮೇಲೆ ಓಡಿಬಂದೆ. ಬೀರುವಿನ ನೆತ್ತಿಯ ಮೇಲೆ ಒಂದು ಚೂರು ಬೆಳಕು ಕದಲದೆ ಕೂತಿತ್ತು. ಅಷ್ಟೆ. ಅದು ಚಾವಣಿಗೆ ಹತ್ತಬೇಕಾದರೆ, ಫ್ಯಾನಿನ ನೆರಳು ಸುತ್ತಬೇಕಾದರೆ, ಕಾರು ತಿರುಗಬೇಕು. ಕಾರು ತಿರುಗಬೇಕಾದರೆ ನಾನು ಕೆಳಗಿರಬೇಕು. ನಾನು ಕೆಳಗಿದ್ದರೆ ಮೇಲೆ ನೋಡುವವರು ಯಾರು? ಅಷ್ಟರಲ್ಲಿ ಎದುರುಮನೆ ಟೀಚರ್ ಕಿಟಕಿಯಿಂದ, "ಏನ್ ಸಾರ್, ಕಾರಲ್ಲಿ ದೀಪ ಹಚ್ಚಿ ಮನೇಲಿ ಕತ್ತಲಲ್ಲಿ ಕೂತಿದೀರಿ? ಹುಷಾರಾಗಿದೀರಿ ತಾನೆ?" ಎಂದು ಕೂಗಿದರು.

ಮೌನಿಗೆ ಓಡಿಸಲು ಹೇಳಿ ನಾನು ಮಲಗಿ ನೋಡಬಹುದಿತ್ತು. ಹೇಳಲಿಲ್ಲ. ಅದು ನೋಡಬೇಕಾದವರು ನೋಡುವ ಬೆಳಕು.

ಒಂದನ್ನು ಮಾತ್ರ ನೇರವಾಗಿ ಹೇಳಿಬಿಡುತ್ತೇನೆ. ಆ ಡೊಂಕನ್ನು ಹಾಗೇ ಬಿಡುವ ಹಾಗಿಲ್ಲ. ತಪಾಸಣೆಯವನ ಮಾತು ಬಿಡು, ಮರಳಿನ ರಾಶಿಗೆ ನುಗ್ಗಿದ ಆ ಹೆಂಗಸು ನನ್ನ ಕಣ್ಣೆದುರು ಬರುತ್ತಾಳೆ. ಹಳೆಯ ದೀಪ ಮಂಕಾಗಿತ್ತು, ಮೆಳ್ಳಗಣ್ಣನ್ನು ಜನ ಸಹಿಸಿಕೊಂಡರು. ಇದು ಹಾಗಲ್ಲ, ಬಾಣ. ನಮ್ಮ ಮನೆಯ ಪ್ರೀತಿ ದಾರಿಯಲ್ಲಿ ಹೋಗುವವರ ಕಣ್ಣು ಕುಕ್ಕಬಾರದು. ಒಂದು ದಿನ ಮೌನಿ ಸುತ್ತಿಗೆ ಎತ್ತಲೇಬೇಕು.

ಅದಕ್ಕೆ ಮೊದಲು ನೀನು ಬರಬೇಕು. ಈ ಸಲ "ಬರುವುದಾದರೆ" ಅನ್ನುತ್ತಿಲ್ಲ.

ನಿನ್ನ ಅಪ್ಪ


ಮೇ 2

ಅಪ್ಪಾ,

ಹದಿನಾರನೇ ತಾರೀಕು ಶನಿವಾರ, ಸಂಜೆ ರೈಲಿಗೆ ಬರುತ್ತೇನೆ. ಟಿಕೆಟ್ ಆಗಿದೆ.

ಸ್ಟೇಷನ್ನಿಗೆ ಬರಬೇಡ. ಆ ಬಾಣ ಹಿಡಿದುಕೊಂಡು ಊರೆಲ್ಲ ದಾಟಿ ಬರುವುದು ಬೇಡ. ಟ್ಯಾಕ್ಸಿ ಮಾಡಿಕೊಳ್ಳುತ್ತೇನೆ. ನೀನು ಬೀದಿಯ ಕೊನೆಯಲ್ಲಿ ಕಾರಿನೊಳಗೆ ಕೂತಿರು. ನಾನು ಮನೆಗೆ ಬಂದು, ನಿನ್ನನ್ನು ಮಾತಾಡಿಸದೆ, ಸೀದಾ ಮೇಲೆ ಹೋಗಿ ಮಲಗುತ್ತೇನೆ. ಆಮೇಲೆ ನೀನು ಮನೆಗೆ ಬಾ.

ಒಂದೇ ಸಲ. ಸೋಮವಾರ ನಾನೇ ಗ್ಯಾರೇಜಿಗೆ ಬರುತ್ತೇನೆ, ಮೌನಿ ಸುತ್ತಿಗೆ ಎತ್ತುವಾಗ ಪಕ್ಕದಲ್ಲಿ ನಿಲ್ಲುತ್ತೇನೆ. ಆ ನೀಲಿ ಬಣ್ಣವನ್ನು ಮಾತ್ರ ಕೆರೆಯಬೇಡಿ ಅಂತ ಹೇಳಿಡು.

ನನಗೆ ಭಯವಾಗುತ್ತಿದೆ. ಬೆಳಕು ಬರದೇ ಹೋದರೆ ಅಂತಲ್ಲ. ಬಂದರೆ ಅಂತ.

ಮರಿ


ಮೇ 16

ಮರೀ,

ಈ ಕಾಗದಕ್ಕೆ ಅಂಚೆಯಿಲ್ಲ. ನಿನ್ನ ದಿಂಬಿನ ಮೇಲಿಡುತ್ತೇನೆ. ನೀನಿದನ್ನು ಓದುವಾಗ ನಾನು ಬೀದಿಯ ಕೊನೆಯಲ್ಲಿ ಸ್ಟಿಯರಿಂಗ್ ಹಿಡಿದು ಕೂತಿರುತ್ತೇನೆ. ಟ್ಯಾಕ್ಸಿಯಲ್ಲಿ ಬರುವಾಗ ನೋಡಿದ್ದರೂ ನೋಡಿಲ್ಲವೆಂದೇ ಇಟ್ಟುಕೋ. ನಾನೂ ಹಾಗೇ ಇಟ್ಟುಕೊಳ್ಳುತ್ತೇನೆ.

ಮಧ್ಯಾಹ್ನದಿಂದ ನಿನ್ನ ರೂಮಿನಲ್ಲೇ ಇದ್ದೇನೆ. ಹಾಸಿಗೆಗೆ ಹೊಸ ಹೊದಿಕೆ. ಫ್ಯಾನಿನ ರೆಕ್ಕೆ ಒರೆಸಿದೆ, ನೆರಳು ಚೊಕ್ಕಟವಾಗಿ ಬೀಳಲಿ ಎಂದು. ಸ್ಟೂಲಿನ ಮೇಲೆ ಹತ್ತಿದ್ದನ್ನು ಟೀಚರ್ ಕಿಟಕಿಯಿಂದ ನೋಡಿ ಬೈದರು. ಮನೆಯ ಒಂದು ಕೀ ಅವರ ಹತ್ತಿರ ಕೊಟ್ಟಿರುವೆ, ನೀನು ಬಂದಾಗ ಕೊಡಲಿ ಎಂದು. ಏನು ವಿಷಯ ಅಂತ ಕೇಳಿದರು, ಮಗಳು ಬರುತ್ತಾಳೆ, ನಾನು ಬೀದಿಯ ಕೊನೆಯಲ್ಲಿ ಕಾರಿನಲ್ಲಿರುತ್ತೇನೆ ಅಂದೆ. "ಮಗಳು ಬಂದ್ರೆ ಅಪ್ಪ ಬಾಗಿಲಲ್ಲಿ ನಿಲ್ಲೋದು ಬಿಟ್ಟು ಬೀದೀಲಿ ಯಾಕೆ ಕೂರ್ತಾನೆ?" ಅಂದರು. ಉತ್ತರ ಉದ್ದವಿತ್ತು. "ಕಾರು ಸ್ಟಾರ್ಟ್ ಆಗ್ತಿಲ್ಲ" ಎಂದು ಗಿಡ್ಡ ಮಾಡಿದೆ.

ಮೌನಿ ನಿನ್ನೆ ತಾನಾಗಿಯೇ ಬಂದು ದೀಪದ ಒಳಗಿನ ಹನಿಯನ್ನೆಲ್ಲ ಒಣಗಿಸಿಕೊಟ್ಟು ಹೋದ. "ಎರಡು ದಿನ ಬೆವರಲ್ಲ ಸಾರ್, ಗ್ಯಾರಂಟಿ" ಅಂದ. ಅವನ ಗ್ಯಾರಂಟಿ ನಿನಗೆ ಗೊತ್ತೇ ಇದೆ. ತಿರುವಿನಿಂದ ಗೇಟಿನವರೆಗೆ ಎದುರು ಬರುವವರು ಯಾರೂ ಇಲ್ಲ, ಆ ಬೂದು ಬೆಕ್ಕಿನ ಹೊರತು. ಅದಕ್ಕೆ ಮೊದಲೇ ತಿಳಿಸಿದ್ದೇನೆ.

ಇಷ್ಟು ವರ್ಷ ಏನೂ ತಿಳಿಯದೆ ಬರುತ್ತಿದ್ದೆ. ಸೋಪಿನ ಪೆಟ್ಟಿಗೆಗಳ ಲೆಕ್ಕ ತಲೆಯಲ್ಲಿ, ಹಸಿವು ಹೊಟ್ಟೆಯಲ್ಲಿ. ನನ್ನ ಹಿಂದೆಮುಂದೆ ಏನು ಬೆಳಗುತ್ತಿದೆಯೆಂದು ಯಾರು ನೋಡಿದರು? ಇವತ್ತು ಮೊದಲ ಬಾರಿಗೆ ತಿಳಿದು ಬರುವವನಿದ್ದೇನೆ. ಹಾರ್ನ್ ಹೊಡೆಯುವುದಿಲ್ಲ. ನಿನ್ನಮ್ಮನಾಣೆ, ಲೈಟನ್ನೂ ಕುಣಿಸುವುದಿಲ್ಲ. ಎರಡನೇ ಪಾಳಿ ಮುಗಿಸಿ ಬಂದ ಹಾಗೆ ಸುಮ್ಮನೆ ಬರುತ್ತೇನೆ. ಪಕ್ಕದ ಸೀಟು ಮುಂದಕ್ಕೇ ಇದೆ.

ಬೆಟರ್ ಲೇಟ್ ದ್ಯಾನ್… ಈ ಸಲ ಕೊನೆಯ ಪದ ನೆನಪಿದೆ. ಬೇಕೆಂದೇ ಬರೆಯುತ್ತಿಲ್ಲ.

ಬೆಳಕು ಬಂದರೆ ಏನು ಮಾಡುವುದು ಎಂದು ಹೆದರಿದ್ದೆಯಲ್ಲ. ನಾನೂ ಯೋಚಿಸಿದೆ. ಏನೂ ಮಾಡಬೇಡ. ಅಳು ಬಂದರೆ ಅಳು. ಮೆಟ್ಟಿಲಿಳಿದು ಬಂದು ಬಾಗಿಲು ತೆಗೆಯಬೇಡ, ನಾನೇ ತೆಗೆದುಕೊಳ್ಳುತ್ತೇನೆ. ಇಷ್ಟು ದಿನದಲ್ಲಿ ಅದೊಂದನ್ನು ಕಲಿತಿದ್ದೇನೆ.

ಇನ್ನೂ ಏನೋ ಬರೆಯಬೇಕೆಂದಿತ್ತು, ಈ ಸಾಲು ಡೊಂಕಾಗಿದೆ ನೋಡು, ಅಕ್ಷರ ಕಾಣುತ್ತಿಲ್ಲ. ತಲೆಯೆತ್ತಿದರೆ ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ. ಬೀರುವಿನ ನೆತ್ತಿ ಆಗಲೇ ಕಪ್ಪಾಯಿತು. ನಾನಿನ್ನು ಇಳಿಯಬೇಕು.

ಓದಿ ಮುಗಿಸಿದ ಮೇಲೆ ರೂಮಿನ ದೀಪ ಆರಿಸು. ಅದು ಆರಿದ್ದನ್ನು ಅಲ್ಲಿಂದ ನೋಡಿ ಹೊರಡುತ್ತೇನೆ. ಹೇಳುವವಳು ಇಲ್ಲ. ಫ್ಯಾನಿನ ನೆರಳು ಸುತ್ತಿದಾಗ ನೀನೇ ಹೇಳಿಕೋ, ಇಬ್ಬರ ಪರವಾಗಿಯೂ: ಅಪ್ಪ ಬಂದ್ರು, ಇನ್ನು ಮಲ್ಕೋ.

ಅಪ್ಪ